ಗುಡ್ಡದ ದಾರಿಯ ಟ್ರಯಥ್ಲಾನ್: ರೇಸ್‌ಗೆ ಮೊದಲೇ ಸೈಕಲ್ ಕೋರ್ಸ್ ನೋಡಿಕೊಂಡು ಬರುವುದು ಹೇಗೆ?

ಏರಿಳಿತ ಜಾಸ್ತಿ ಇರುವ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ರೇಸ್) ಹೆಸರು ಕೊಟ್ಟವರು ಮೊದಲು ಕೇಳುವ ಪ್ರಶ್ನೆ ಒಂದೇ. "ಒಟ್ಟು ಏರು ಎಷ್ಟು ಮೀಟರ್?" ಯಾರೋ 1,200 ಅನ್ನುತ್ತಾರೆ, ಕೇಳಿದವರ ಎದೆ ಧಸಕ್ ಅನ್ನುತ್ತದೆ. ಆದರೆ ಆ ಒಂದು ಅಂಕಿಯಿಂದ ರೇಸ್ ದಿನ ಏನು ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ. ಅದೇ 1,200 ಮೀಟರ್ 90 ಕಿಲೋಮೀಟರ್ ಉದ್ದಕ್ಕೂ ಸಣ್ಣ ಸಣ್ಣ ದಿಬ್ಬಗಳಾಗಿ ಹರಡಿರಬಹುದು, ಇಲ್ಲವೇ ಎರಡೇ ದೊಡ್ಡ ಘಾಟಿಗಳಲ್ಲಿ ತುಂಬಿಕೊಂಡಿರಬಹುದು. ಎರಡಕ್ಕೂ ಗೇರ್ ಬೇರೆ, ಊಟ ನೀರಿನ ಲೆಕ್ಕ ಬೇರೆ, ಹೆದರಿಕೆಯೂ ಬೇರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋರ್ಸ್ ನೋಡಲು ಹೋಗುವ ಬಹುತೇಕರು ಏರು ನೋಡಲು ಹೋಗುತ್ತಾರೆ. ನನ್ನ ಪ್ರಕಾರ ಹೋಗಬೇಕಾದದ್ದು ಇಳಿಜಾರು ನೋಡಲು. ಏರು ಹೇಗಿದೆ ಅನ್ನುವುದನ್ನು ಮುಕ್ಕಾಲು ಪಾಲು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಇಳಿಜಾರಿನ ಮೂರನೇ ತಿರುವಿನ ಒಳಬದಿಯಲ್ಲಿ ಜಲ್ಲಿ ಬಿದ್ದಿದೆಯಾ ಅನ್ನುವುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.

ಯಾವಾಗ ಹೋಗಬೇಕು

ಸಾಧ್ಯವಾದರೆ ಎರಡು ಸಲ. ಒಮ್ಮೆ ರೇಸ್‌ಗೆ ನಾಲ್ಕರಿಂದ ಆರು ವಾರ ಮೊದಲು. ಆಗ ನೋಡಿದ್ದರಿಂದ ಏನಾದರೂ ಬದಲಾಯಿಸಲು ಟೈಮ್ ಇರುತ್ತದೆ: ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛ) ಬದಲಿಸಬಹುದು, ತರಬೇತಿಯಲ್ಲಿ ಅಂಥದೇ ಏರು ಸೇರಿಸಬಹುದು, ತಿರುವಿನಲ್ಲಿ ಸೈಕಲ್ ವಾಲಿಸುವುದನ್ನು ಅಭ್ಯಾಸ ಮಾಡಬಹುದು. ಇನ್ನೊಮ್ಮೆ ರೇಸ್ ವಾರದಲ್ಲಿ, ರಸ್ತೆ ಈಗ ಹೇಗಿದೆ ನೋಡಲು ಮಾತ್ರ. ಒಂದೇ ಸಲ ಹೋಗಲು ಆಗುತ್ತದೆ ಅಂದರೆ ಮೊದಲನೆಯದನ್ನೇ ಆರಿಸಿ. ರೇಸ್‌ಗೆ ಎರಡು ದಿನ ಇರುವಾಗ 12% ಏರು (ಅಂದರೆ 100 ಮೀಟರ್ ಸಾಗಿದರೆ 12 ಮೀಟರ್ ಮೇಲೆ) ಇದೆ ಅಂತ ಗೊತ್ತಾದರೆ ಸುಮ್ನೆ ನಿದ್ದೆ ಕೆಡುತ್ತದೆ, ಬೇರೆ ಏನೂ ಪ್ರಯೋಜನ ಇಲ್ಲ.

ಮೊದಲು ಮನೆಯಲ್ಲೇ ಮಾಡುವ ಕೆಲಸ

ಆಯೋಜಕರು ಕೊಟ್ಟಿರುವ ನಕ್ಷೆ, ಜಿಪಿಎಕ್ಸ್ ಫೈಲ್ (ಆ್ಯಪ್‌ನಲ್ಲಿ ತೆರೆಯುವ ದಾರಿಯ ಫೈಲ್) ಮತ್ತು ಸ್ಪರ್ಧಿಗಳ ಕೈಪಿಡಿ, ಈ ಮೂರನ್ನೂ ಇಳಿಸಿಕೊಳ್ಳಿ. ಹೋದ ವರ್ಷದ ಫೈಲ್ ಯಾರೋ ಕಳಿಸಿದರು ಅಂತ ಅದನ್ನೇ ನಂಬಬೇಡಿ, ಕೋರ್ಸ್ ಬದಲಾಗುತ್ತಿರುತ್ತದೆ. ಎಷ್ಟು ಸುತ್ತು, ಎಲ್ಲೆಲ್ಲಿ ಯು-ಟರ್ನ್, ನೀರು ತಿಂಡಿ ಕೊಡುವ ಏಡ್ ಸ್ಟೇಷನ್ ಯಾವ ಕಿಲೋಮೀಟರ್‌ನಲ್ಲಿ, ಕಟ್-ಆಫ್ (ಅಷ್ಟರೊಳಗೆ ದಾಟದಿದ್ದರೆ ರೇಸ್‌ನಿಂದ ಹೊರಗೆ) ಎಲ್ಲಿ, ಎಷ್ಟು ಗಂಟೆಗೆ, ಓವರ್‌ಟೇಕ್ ಮಾಡಬಾರದು ಅನ್ನುವ ಜಾಗ ಇದೆಯಾ, ಇದೆಲ್ಲ ಕೈಪಿಡಿಯಲ್ಲಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ ಅಷ್ಟೇ.

ಫೈಲನ್ನು ಒಂದು ಆ್ಯಪ್‌ಗೆ ಹಾಕಿದರೆ 1,150 ಮೀಟರ್ ಏರು ತೋರಿಸುತ್ತದೆ, ಇನ್ನೊಂದಕ್ಕೆ ಹಾಕಿದರೆ 1,400. ಗಾಬರಿ ಬೇಡ. ಕೆಲವು ಆ್ಯಪ್‌ಗಳು ಭೂಮಿಯ ಎತ್ತರದ ದತ್ತಾಂಶದಿಂದ ಲೆಕ್ಕ ಹಾಕುತ್ತವೆ, ಕೆಲವು ಸೈಕಲ್ ಕಂಪ್ಯೂಟರ್‌ನ ಗಾಳಿಯ ಒತ್ತಡದ ಸೆನ್ಸರ್ ಬರೆದಿಟ್ಟದ್ದನ್ನು ನಂಬುತ್ತವೆ, ಸಣ್ಣ ಏರಿಳಿತವನ್ನು ಎಷ್ಟು ಸಪಾಟು ಮಾಡಬೇಕು ಅನ್ನುವುದರಲ್ಲೂ ಒಂದೊಂದರ ಲೆಕ್ಕ ಒಂದೊಂದು. ಸೇತುವೆ, ಸುರಂಗ, ಬೆಟ್ಟದ ಪಕ್ಕ ಕೊರೆದ ರಸ್ತೆ ಇರುವ ಕಡೆ ನಕ್ಷೆಯಲ್ಲಿ ದಿಢೀರನೆ 25% ಏರು ಕಾಣಿಸಬಹುದು. ಅಲ್ಲಿ ಇರುವುದು ಸಪಾಟು ಸೇತುವೆ, ಆ್ಯಪ್ ಅದರ ಕೆಳಗಿನ ಕಣಿವೆಯ ಎತ್ತರ ಓದಿರುತ್ತದೆ.

ಒಟ್ಟು ಏರು ಪಕ್ಕಕ್ಕಿಡಿ. ಒಂದೊಂದೇ ಏರನ್ನು ಬೇರೆ ಮಾಡಿ ನೋಡಿ. ಇಲ್ಲಿ ಸರಾಸರಿ ಅನ್ನುವ ಅಂಕಿ ಚೆನ್ನಾಗಿ ಮೋಸ ಮಾಡುತ್ತದೆ. 4 ಕಿಲೋಮೀಟರ್‌ಗೆ 240 ಮೀಟರ್ ಏರು ಅಂದರೆ ಸರಾಸರಿ 6%, ಪರವಾಗಿಲ್ಲ ಅನಿಸುತ್ತದೆ. ಆದರೆ ನಡುವೆ ಒಂದು ಕಿಲೋಮೀಟರ್ ರಸ್ತೆ 20 ಮೀಟರ್ ಕೆಳಗೆ ಇಳಿದಿದ್ದರೆ? ಉಳಿದ 3 ಕಿಲೋಮೀಟರ್‌ನಲ್ಲಿ 260 ಮೀಟರ್ ಹತ್ತಬೇಕು, ಅಂದರೆ ಹತ್ತಿರ ಹತ್ತಿರ 8.7%. ಅದು ಬೇರೆಯೇ ಏರು. ಫ್ರಾನ್ಸ್‌ನ ಹೆಸರಾಂತ ಆಲ್ಪ್ ದ್ಯುಯೆಜ್ ಏರನ್ನೇ ತೆಗೆದುಕೊಳ್ಳಿ, ಸುಮಾರು 13.8 ಕಿಲೋಮೀಟರ್, 21 ಹೇರ್‌ಪಿನ್ ತಿರುವು (ರಸ್ತೆ ಪೂರ್ತಿ ಹಿಂದಕ್ಕೆ ಹೊರಳುವ ತಿರುವು), ಸರಾಸರಿ 8% ಚಿಲ್ಲರೆ. ಆದರೆ ಶುರುವಿನ ಎರಡು ಕಿಲೋಮೀಟರ್ 10% ಹತ್ತಿರ. ಸರಾಸರಿ ನೋಡಿಕೊಂಡು ಶುರು ಮಾಡಿದವರ ಕಾಲು ಕೆಳಗಿನ ತಿರುವುಗಳಲ್ಲೇ ಉರಿಯಲು ಶುರುವಾಗುತ್ತದೆ. ಅದೇ ಬೆಟ್ಟದಲ್ಲಿ ಪ್ರತಿ ವರ್ಷ ಟ್ರಯಥ್ಲಾನ್ ಕೂಡ ನಡೆಯುತ್ತದೆ, ಅಲ್ಲಿ ಆ ಏರು ಬರುವುದು ಸೈಕಲ್ ಭಾಗದ ಕೊನೆಗೆ.

ಹೀಗೆ ನೋಡುತ್ತಾ ಇಡೀ ಕೋರ್ಸನ್ನು ಎಂಟು ಹತ್ತು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಹೆಸರಿಡಿ. "ಶುರುವಿನ ಸಪಾಟು", "ಕೆರೆ ಏರು", "ಸುಳ್ಳು ಶಿಖರ", ನಿಮಗೆ ನೆನಪಿರುವ ಯಾವ ಹೆಸರಾದರೂ ಸರಿ. ಉದ್ದದ ಪಕ್ಕದಲ್ಲಿ ನಿಮಿಷ ಬರೆಯಿರಿ. 6 ಕಿಲೋಮೀಟರ್ ಏರು ಅಂದರೆ ತಲೆಗೆ ಹತ್ತುವುದಿಲ್ಲ, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ 36 ನಿಮಿಷ ಅಂದರೆ ಹತ್ತುತ್ತದೆ.

ರಸ್ತೆಯ ಚಿತ್ರ ತೋರಿಸುವ ನಕ್ಷೆ ಸೇವೆ ಇದ್ದರೆ ಇಡೀ ದಾರಿಯನ್ನು ಒಮ್ಮೆ ಸ್ಕ್ರೀನ್ ಮೇಲೆ ಓಡಿಸಿ. ಚಿತ್ರ ತೆಗೆದ ವರ್ಷ ಮೂಲೆಯಲ್ಲಿ ಇರುತ್ತದೆ, ನೋಡಿಕೊಳ್ಳಿ. ಐದು ವರ್ಷ ಹಿಂದಿನ ಟಾರು ಈಗ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಗೇರ್ ಲೆಕ್ಕ: ಹೊರಡುವ ಮೊದಲೇ

ಇದು ಸುಲಭದ ಗುಣಾಕಾರ. ಪೆಡಲ್ ಹತ್ತಿರದ ಮುಂದಿನ ಹಲ್ಲುಗಾಲಿಯ, ಅಂದರೆ ಚೈನ್‌ರಿಂಗ್‌ನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿ. ರೋಡ್ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಪೆಡಲ್ ಒಂದು ಸುತ್ತು ತಿರುಗಿದರೆ ಎಷ್ಟು ದೂರ ಹೋಗುತ್ತೀರಿ ಅನ್ನುವುದು ಸಿಗುತ್ತದೆ.

ಮುಂದೆ 36, ಹಿಂದೆ 28 ಇದೆ ಅಂದುಕೊಳ್ಳಿ. ಒಂದು ಸುತ್ತಿಗೆ 2.7 ಮೀಟರ್. ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು) 70 ಇಟ್ಟುಕೊಂಡರೆ ಗಂಟೆಗೆ ಸುಮಾರು 11.3 ಕಿಲೋಮೀಟರ್. ನೀವು ಮತ್ತು ಸೈಕಲ್ ಸೇರಿ 85 ಕಿಲೋ ಇದ್ದರೆ 8% ಏರಿನಲ್ಲಿ ಈ ವೇಗಕ್ಕೆ ಸುಮಾರು 235 ವ್ಯಾಟ್ ಬೇಕು. ಮುಂದೆ 34, ಹಿಂದೆ 34 ಹಾಕಿದರೆ ಅದೇ ಕೇಡೆನ್ಸ್‌ಗೆ ಗಂಟೆಗೆ 8.8 ಕಿಲೋಮೀಟರ್, ಸುಮಾರು 180 ವ್ಯಾಟ್ ಸಾಕು. ನಿಮ್ಮ ಕೈಲಿ ಎರಡು ಮೂರು ಗಂಟೆ ಹಿಡಿದಿಡಲು ಆಗುವುದು 170 ವ್ಯಾಟ್ ಅಂತಾದರೆ, ಮೊದಲನೇ ಸೈಕಲ್‌ನಲ್ಲಿ ನೀವು ಆ ಏರು ಹತ್ತುವುದು ಕೇಡೆನ್ಸ್ 50ರಲ್ಲಿ, ಮೊಣಕಾಲು ಹಿಂಡಿಕೊಂಡು. ಅದಾದ ಮೇಲೆ ಓಡಬೇಕು ಅನ್ನುವುದು ನೆನಪಿರಲಿ.

ದೊಡ್ಡ ಕ್ಯಾಸೆಟ್ ಹಾಕಿಸಿಕೊಳ್ಳುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಆದರೆ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಅಷ್ಟು ದೊಡ್ಡ ಹಲ್ಲನ್ನು ತಡೆಯುತ್ತದಾ, ಚೈನ್ ಉದ್ದ ಸಾಕಾ ಅಂತ ಮೊದಲು ವಿಚಾರಿಸಿ. ಚೈನ್ ಗಿಡ್ಡ ಇದ್ದು ಮುಂದೆ ದೊಡ್ಡದು ಹಿಂದೆ ದೊಡ್ಡದು ಹಾಕಿದರೆ ಡಿರೇಲರ್ ಕಿತ್ತು ಬರಬಹುದು. ಅದಕ್ಕೇ ಈ ಕೆಲಸ ಆರು ವಾರ ಮೊದಲು ಅಂದಿದ್ದು.

ಕಾರಿನಲ್ಲಿ ನೋಡಿದರೆ ಸಾಲದಾ?

ಸಾಲದು, ಆದರೆ ಉಪಯೋಗ ಇದೆ. ಇಡೀ ದಾರಿ ತಲೆಯಲ್ಲಿ ಕೂರಲು, ತಿರುವುಗಳ ಅಂದಾಜು ಸಿಗಲು, ಯಾವ ಭಾಗವನ್ನು ಸೈಕಲ್‌ನಲ್ಲಿ ನೋಡಬೇಕು ಅಂತ ಆರಿಸಲು ಕಾರು ಒಳ್ಳೆಯದು. ಆದರೆ ಕಾರಿಗೆ 3% ಏರು ಗೊತ್ತೇ ಆಗುವುದಿಲ್ಲ, ರಸ್ತೆಯ ಒರಟುತನ ಟೈರು ಸಸ್ಪೆನ್ಷನ್ ನುಂಗಿಬಿಡುತ್ತವೆ, ಎದುರುಗಾಳಿಯಂತೂ ಕೇಳಲೇಬೇಡಿ. ಸಪಾಟು ಅಂತ ಕಾಣಿಸಿ ನಿಧಾನವಾಗಿ ಏರುತ್ತಾ ಹೋಗುವ 2% ರಸ್ತೆಗಳು ಗುಡ್ಡದ ಕೋರ್ಸ್‌ನಲ್ಲಿ ತುಂಬಾ ಇರುತ್ತವೆ, ಮನಸ್ಸು ಮುರಿಯುವುದು ಅಲ್ಲೇ. "ಇಷ್ಟು ಸಪಾಟು ರಸ್ತೆಯಲ್ಲಿ ನನಗೆ ಯಾಕೆ ಸ್ಪೀಡ್ ಬರ್ತಿಲ್ಲ" ಅಂದುಕೊಂಡು ಜಾಸ್ತಿ ತುಳಿದು ಸುಸ್ತಾಗುತ್ತಾರೆ. ಸೈಕಲ್‌ನಲ್ಲಿ ಒಮ್ಮೆ ಹೋದರೆ ಅದು ರಸ್ತೆಯ ತಪ್ಪು, ಕಾಲಿನದ್ದಲ್ಲ ಅಂತ ತಿಳಿಯುತ್ತದೆ.

180 ಕಿಲೋಮೀಟರ್ ಕೋರ್ಸ್ ಪೂರ್ತಿ ತುಳಿಯಬೇಕಾಗಿಲ್ಲ. ದೊಡ್ಡ ಏರು, ದೊಡ್ಡ ಇಳಿಜಾರು, ಮೊದಲ 5 ಕಿಲೋಮೀಟರ್, ಕೊನೆಯ 5 ಕಿಲೋಮೀಟರ್. ಇಷ್ಟು ಸೈಕಲ್‌ನಲ್ಲಿ, ಉಳಿದದ್ದು ಕಾರಿನಲ್ಲಿ. 20 ಅಥವಾ 40 ಕಿಲೋಮೀಟರ್ ಕೋರ್ಸ್ ಆದರೆ ಪೂರ್ತಿ ತುಳಿಯಲು ನೆಪ ಬೇಡ.

ಹೋಗುವ ಹೊತ್ತು ಕೂಡ ಮುಖ್ಯ. ರೇಸ್ ದಿನ ನೀವು ಆ ಇಳಿಜಾರಿಗೆ ಬರುವುದು ಬೆಳಿಗ್ಗೆ ಎಂಟಕ್ಕೆ ಅಂತಾದರೆ, ನೋಡಲು ಹೋಗುವುದೂ ಎಂಟಕ್ಕೇ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದಾ, ಮರದ ನೆರಳು ಬಿದ್ದು ಗುಂಡಿ ಮುಚ್ಚಿಹೋಗುತ್ತದಾ, ನೆರಳಿನ ಕಡೆ ರಸ್ತೆ ಇನ್ನೂ ಒದ್ದೆ ಇದೆಯಾ, ಇದೆಲ್ಲ ಹೊತ್ತಿನ ಮೇಲೆ. ಬೆಟ್ಟದಲ್ಲಿ ಗಾಳಿಯೂ ಹಾಗೇ. ರಾತ್ರಿಯೆಲ್ಲ ತಣಿದ ಗಾಳಿ ಮುಂಜಾನೆ ಕಣಿವೆಯ ಕೆಳಮುಖವಾಗಿ ಹರಿಯುತ್ತಿರುತ್ತದೆ. ಬಿಸಿಲು ಏರಿ ಇಳಿಜಾರುಗಳು ಕಾದ ಮೇಲೆ ಅದು ಮೇಲ್ಮುಖವಾಗಿ ತಿರುಗುತ್ತದೆ. ಎರಡು ಸುತ್ತಿನ ಕೋರ್ಸ್ ಆದರೆ ಮೊದಲ ಸುತ್ತಿನಲ್ಲಿ ಬೆನ್ನಿಗಿದ್ದ ಗಾಳಿ ಎರಡನೇ ಸುತ್ತಿನಲ್ಲಿ ಮುಖಕ್ಕೆ ಬರಬಹುದು.

ಮತ್ತೆ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ನೋಡಲು ಹೋದ ದಿನ ರಸ್ತೆ ಬಂದ್ ಆಗಿರುವುದಿಲ್ಲ. ಎದುರಿನಿಂದ ಲಾರಿ ಬರುತ್ತದೆ, ನಾಯಿ ಬರುತ್ತದೆ. ನಿಮ್ಮ ಬದಿ ಬಿಟ್ಟು ಆಚೆ ಹೋಗಿ ತಿರುವು ಹೊಡೆಯುವ ಆಸೆ ಬೇಡ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಮುಂದೆ ಹಿಂದೆ ಲೈಟ್ ಹಾಕಿ, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಮೊಬೈಲ್ ಸಿಗ್ನಲ್ ಎಲ್ಲೆಲ್ಲಿ ಇಲ್ಲ ಅನ್ನುವುದನ್ನೂ ಗುರುತು ಹಾಕಿಕೊಂಡರೆ ರೇಸ್ ದಿನ ನಿಮ್ಮವರು ನಿಮ್ಮನ್ನು ಟ್ರ್ಯಾಕ್ ಮಾಡುವಾಗ ಗಾಬರಿ ಬೀಳುವುದು ತಪ್ಪುತ್ತದೆ.

ಏರು ಹತ್ತುವಾಗ ಏನು ನೋಡಬೇಕು

ನಿಧಾನವಾಗಿ ಹತ್ತಿ. ನಿಮ್ಮ ತಾಕತ್ತು ಅಳೆಯುವ ದಿನ ಇದಲ್ಲ. ಏದುಸಿರು ಬಿಡುತ್ತಾ ಹತ್ತಿದರೆ ಕಣ್ಣಿಗೆ ಮುಂದಿನ ಚಕ್ರ ಬಿಟ್ಟು ಬೇರೇನೂ ಕಾಣುವುದಿಲ್ಲ.

ನೋಡಬೇಕಾದದ್ದು ಇವು. ಕಡಿದಾದ ಭಾಗ ಶುರುವಾಗುವ ಮೊದಲು ಒಂದು ಗುರುತು ಹಿಡಿಯಿರಿ, ಅಲ್ಲೇ ಗೇರ್ ಇಳಿಸಬೇಕು. ತಿರುವಿನ ಆಚೆ ಗೋಡೆಯಂತೆ ಎದ್ದುನಿಂತ ಏರು ಇರುತ್ತದೆ, ನೀವು ದೊಡ್ಡ ರಿಂಗ್‌ನಲ್ಲಿ ಬಂದು ಪೂರ್ತಿ ಭಾರ ಹಾಕಿಕೊಂಡು ಚಿಕ್ಕ ರಿಂಗ್‌ಗೆ ಬದಲಿಸಲು ಹೋದರೆ ಚೈನ್ ಬೀಳುವುದು ಅಲ್ಲೇ. ಆಮೇಲೆ ಸುಳ್ಳು ಶಿಖರ. ಮೇಲೆ ಆಕಾಶ ಕಾಣಿಸುತ್ತದೆ, ಮುಗೀತು ಅನಿಸುತ್ತದೆ, ತಿರುಗಿದರೆ ಇನ್ನೂ ಒಂದೂವರೆ ಕಿಲೋಮೀಟರ್ ಇರುತ್ತದೆ. ನಿಜವಾದ ತುದಿ ಯಾವುದು ಅಂತ ಒಂದು ಕಂಬ, ಒಂದು ಬೋರ್ಡ್ ನೋಡಿಟ್ಟುಕೊಳ್ಳಿ. ನಡುವೆ ಎಲ್ಲಾದರೂ 3% ಗೆ ಇಳಿಯುವ ಜಾಗ ಇದ್ದರೆ ಅದು ಚಿನ್ನ, ನೀರು ಕುಡಿಯುವುದು, ಉಸಿರು ಹಿಡಿಯುವುದು ಅಲ್ಲಿ.

ಹೇರ್‌ಪಿನ್ ಏರುಗಳಲ್ಲಿ ತಿರುವಿನ ಒಳಬದಿ ಯಾವಾಗಲೂ ಹೊರಬದಿಗಿಂತ ಕಡಿದು. ನಿಮ್ಮ ಬದಿ ಒಳಗೆ ಬರುವ ತಿರುವುಗಳಲ್ಲಿ ಒಂದು ಗೇರ್ ಮೊದಲೇ ಇಳಿಸಿಟ್ಟುಕೊಳ್ಳಿ.

ಎಷ್ಟು ಜೋರಾಗಿ ಹತ್ತಬೇಕು ಅನ್ನುವುದರ ಹಿಂದೆ ಒಂದು ಲೆಕ್ಕ ಇದೆ. ಸಪಾಟಿನಲ್ಲಿ 10% ಜಾಸ್ತಿ ವೇಗ ಬೇಕಾದರೆ ಗಾಳಿಯನ್ನು ಸೀಳಲು ಸುಮಾರು 33% ಜಾಸ್ತಿ ಶಕ್ತಿ ಬೇಕು, ಯಾಕಂದರೆ ಅದು ವೇಗದ ಘನದಷ್ಟು ಏರುತ್ತದೆ. ಕಡಿದಾದ ಏರಿನಲ್ಲಿ ವೇಗ ಕಮ್ಮಿ, ಗಾಳಿಯ ತಡೆ ಕಮ್ಮಿ, 10% ಜಾಸ್ತಿ ತುಳಿದರೆ ಹತ್ತಿರ ಹತ್ತಿರ 10% ವೇಗವೇ ಸಿಗುತ್ತದೆ. ಆದ್ದರಿಂದ ಏರಿನಲ್ಲಿ ಸರಾಸರಿಗಿಂತ ಸ್ವಲ್ಪ ಜಾಸ್ತಿ ತುಳಿಯುವುದು ಲಾಭವೇ. ಸ್ವಲ್ಪ ಅನ್ನುವುದಕ್ಕೆ ಒಂದು ಮಿತಿ ಹಾಕಿಕೊಳ್ಳಿ, ವ್ಯಾಟ್‌ನಲ್ಲಿ, ಇಲ್ಲವೇ ಎದೆಬಡಿತದಲ್ಲಿ, ಎರಡೂ ಇಲ್ಲದಿದ್ದರೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತದಾ ಅನ್ನುವುದರಲ್ಲಿ. ಆ ಮಿತಿಯಲ್ಲಿ ಈ ಏರು ಹತ್ತಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆದಿಡಿ.

ಆದರೆ ಇವತ್ತು ನೀವು ಈಜಿ ಬಂದಿಲ್ಲ. ರೇಸ್ ದಿನ ನೀರಿನಿಂದ ಎದ್ದು, ಓಡಿ, ಸೈಕಲ್ ಹಿಡಿಯುವಾಗ ಎದೆಬಡಿತ ಆಗಲೇ ಮೇಲಿರುತ್ತದೆ. ಮೊದಲ ಏರು 3-4 ಕಿಲೋಮೀಟರ್ ಒಳಗೇ ಬಂದರೆ, ಇವತ್ತು ಆರಾಮಾಗಿ ಅನಿಸಿದ್ದಕ್ಕಿಂತ ಒಂದು ಮಟ್ಟ ಕೆಳಗೆ ಹತ್ತುವ ಪ್ಲಾನ್ ಮಾಡಿ. ಸುತ್ತ ಇರುವವರೆಲ್ಲ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ.

ಇಳಿಜಾರು: ಟೈಮ್ ಹಾಕಬೇಕಾದದ್ದು ಇಲ್ಲಿ

ಎರಡು ಸಲ ಇಳಿಯಿರಿ. ಮೊದಲ ಸಲ ಪ್ರವಾಸಿಯ ಹಾಗೆ, ನಿಂತು ನಿಂತು. ಎರಡನೇ ಸಲ ಒಂದೇ ಓಟದಲ್ಲಿ, ಆದರೆ ರೇಸ್ ವೇಗಕ್ಕಿಂತ ಕಮ್ಮಿ.

ಮೊದಲ ಸಲ ಪ್ರತಿ ತಿರುವಿಗೂ ಒಂದು ಬ್ರೇಕ್ ಗುರುತು ಹುಡುಕಿ. ಆ ಗುರುತು ಅಲ್ಲೇ ಇರುವಂಥದ್ದಾಗಬೇಕು: ಮೈಲಿಗಲ್ಲು, ವಿದ್ಯುತ್ ಕಂಬ, ತಿರುವಿನ ಬೋರ್ಡ್, ತಡೆಗೋಡೆ ಶುರುವಾಗುವ ಜಾಗ. ನಿಂತ ಕಾರು, ಮರದ ನೆರಳು ಗುರುತಾಗುವುದಿಲ್ಲ, ರೇಸ್ ದಿನ ಅವು ಅಲ್ಲಿರುವುದಿಲ್ಲ.

ಗುರುತು ಎಷ್ಟು ಹಿಂದೆ ಇರಬೇಕು? ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನೋಡಿ, ಅರ್ಥ ಮಾಡಿಕೊಂಡು, ಬೆರಳು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು ಅಂದುಕೊಳ್ಳಿ. ಒಣ ಸಪಾಟು ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೊಂದು 35 ಮೀಟರ್. ಅದೇ ಹಿಡಿತ 8% ಇಳಿಜಾರಿನಲ್ಲಿ ಆದರೆ 44 ಮೀಟರ್, ಯಾಕಂದರೆ ಬೆಟ್ಟ ನಿಮ್ಮನ್ನು ಕೆಳಗೆ ತಳ್ಳುತ್ತಲೇ ಇರುತ್ತದೆ. ಒಟ್ಟು 60 ಮೀಟರ್ ಚಿಲ್ಲರೆ. ಒದ್ದೆಯಾದರೆ ಇನ್ನೂ ಜಾಸ್ತಿ. ವೇಗ ಎರಡು ಪಟ್ಟಾದರೆ ಬ್ರೇಕ್ ದೂರ ನಾಲ್ಕು ಪಟ್ಟು. 60 ಮೀಟರ್ ಮುಂದಿನ ರಸ್ತೆ ಕಾಣಿಸದ ತಿರುವಿಗೆ 60 ಕಿಲೋಮೀಟರ್ ವೇಗದಲ್ಲಿ ನುಗ್ಗಬಾರದು, ಇಷ್ಟೇ ವಿಷಯ.

ಬ್ರೇಕ್ ಎಲ್ಲ ತಿರುವಿನ ಮೊದಲೇ, ಸೈಕಲ್ ನೇರ ಇರುವಾಗ. ವಾಲಿದ ಮೇಲೆ ಟೈರಿನ ಹಿಡಿತ ತಿರುಗುವುದಕ್ಕೇ ಬೇಕಾಗುತ್ತದೆ. ಹೊರಗಿನ ಕಾಲು ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವಿನಿಂದ ಆಚೆ ಹೋಗುವ ದಾರಿಯ ಮೇಲೆ. ಎಲ್ಲರಿಗೂ ಗೊತ್ತಿರುವ ವಿಷಯ ಇದು, ಆದರೆ ಹೆದರಿದಾಗ ಎಲ್ಲರೂ ನೋಡುವುದು ತಡೆಗೋಡೆಯನ್ನೇ.

ಅಪಾಯದ ತಿರುವು ಅಂದರೆ ಹೇರ್‌ಪಿನ್ ಅಂತ ನಾವು ತಿಳಿದಿರುತ್ತೇವೆ. ಹೇರ್‌ಪಿನ್ ದೂರದಿಂದಲೇ ಗೊತ್ತಾಗುತ್ತದೆ, ಎಲ್ಲರೂ ನಿಧಾನ ಮಾಡುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಶುರುವಿನಲ್ಲಿ ಅಗಲವಾಗಿ ಕಾಣಿಸಿ ಒಳಗೆ ಹೋದಂತೆ ಬಿಗಿಯಾಗುತ್ತಾ ಹೋಗುವ ತಿರುವು. ಅರ್ಧ ದಾಟಿದ ಮೇಲೆ ಗೊತ್ತಾಗುತ್ತದೆ, ಆಗ ಬ್ರೇಕ್ ಹಿಡಿದರೆ ಜಾರುತ್ತದೆ, ಹಿಡಿಯದಿದ್ದರೆ ಎದುರು ಬದಿಗೆ ಹೋಗುತ್ತೀರಿ. ಇಂಥ ಒಂದೆರಡು ತಿರುವು ಪ್ರತಿ ಬೆಟ್ಟದಲ್ಲೂ ಇರುತ್ತವೆ. ಅವುಗಳ ನಂಬರ್ ಬಾಯಿಪಾಠ ಮಾಡಿ. "ನೀರಿನ ಟ್ಯಾಂಕ್ ಆದಮೇಲೆ ಎರಡನೇ ಎಡ ತಿರುವು" ಹೀಗೆ.

ರಸ್ತೆಯ ಮೇಲ್ಮೈ ಇನ್ನೊಂದು ಕಥೆ. ಹೇರ್‌ಪಿನ್ ಒಳಬದಿಯಲ್ಲಿ ವಾಹನಗಳು ತಳ್ಳಿದ ಜಲ್ಲಿ ಗುಡ್ಡೆ ಬಿದ್ದಿರುತ್ತದೆ. ಮರದ ಕೆಳಗೆ ಒದ್ದೆ ಎಲೆ. ಸೇತುವೆಯ ಎರಡು ತುದಿಯಲ್ಲಿ ಕಬ್ಬಿಣದ ಜೋಡಣೆ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ತೇಪೆ ಹಾಕಿದ ನುಣುಪು ಟಾರು, ಇವೆಲ್ಲ ಒಣಗಿದಾಗ ಏನೂ ಮಾಡುವುದಿಲ್ಲ, ಮಳೆ ಬಿದ್ದರೆ ಸೋಪಿನ ಹಾಗೆ. ರಸ್ತೆ ಉಬ್ಬುಗಳಿದ್ದರೆ ಬಾಟಲ್ ಹಾರಿಹೋಗುವುದು ಅಲ್ಲೇ, ಹಾಗಾಗಿ ನೋಡಲು ಹೋದ ದಿನವೇ ತುಂಬಿದ ಬಾಟಲ್ ಇಟ್ಟುಕೊಂಡು ಒಂದು ಉಬ್ಬು ಹಾರಿಸಿ ನೋಡಿ.

ಟೈಮ್ ಟ್ರಯಲ್ ಸೈಕಲ್ ಇರುವವರಿಗೆ ಇನ್ನೊಂದು ಕೆಲಸ. ಏರೋ ಬಾರ್ (ಗಾಳಿ ತಡೆ ಕಮ್ಮಿ ಆಗಲು ಮುಂದಕ್ಕೆ ಬಾಗಿ ಮೊಣಕೈ ಊರುವ ಹ್ಯಾಂಡಲ್) ಮೇಲೆ ಮಲಗಿದಾಗ ಕೈ ಬ್ರೇಕ್ ಹತ್ತಿರ ಇರುವುದಿಲ್ಲ. ಆದ್ದರಿಂದ ಇಡೀ ಇಳಿಜಾರನ್ನು ಎರಡು ಬಣ್ಣ ಮಾಡಿ: ಇಲ್ಲಿ ಏರೋದಲ್ಲಿ ಇರಬಹುದು, ಇಲ್ಲಿ ಕೈ ಬ್ರೇಕ್ ಮೇಲೇ ಇರಬೇಕು. ನಡುವಿನ ಬಣ್ಣ ಬೇಡ. ಆಳದ ರಿಮ್ ಇರುವ ಮುಂದಿನ ಚಕ್ರ ಇದ್ದರೆ ಮರಗಳ ಸಾಲು ಥಟ್ಟನೆ ಮುಗಿಯುವ ಜಾಗ, ಬೆಟ್ಟದ ಅಂಚು, ಉದ್ದ ಸೇತುವೆ, ಇವನ್ನೂ ಗುರುತು ಹಾಕಿ. ಅಡ್ಡಗಾಳಿ ಹೊಡೆಯುವುದು ಅಲ್ಲಿ. ಎರಡನೇ ಸಲ ಇಳಿಯುವಾಗ ಹ್ಯಾಂಡಲ್ ಅಲುಗಾಡಿ ಎದೆ ಝಲ್ ಅಂದಿದ್ದರೆ ಮುಂದಿನ ಚಕ್ರ ಗಿಡ್ಡ ರಿಮ್‌ನದ್ದು ಹಾಕಿ.

ಕಾರ್ಬನ್ ರಿಮ್ ಮೇಲೆ ರಿಮ್ ಬ್ರೇಕ್ ಇರುವವರು ಉದ್ದ ಇಳಿಜಾರಿನಲ್ಲಿ ಬ್ರೇಕ್ ಎಳೆದುಕೊಂಡೇ ಇರಬಾರದು, ರಿಮ್ ಕಾದು ಹಾಳಾಗಬಹುದು, ಟ್ಯೂಬ್ ಒಡೆಯಬಹುದು. ಗಟ್ಟಿಯಾಗಿ ಹಿಡಿ, ಬಿಡು, ಹಿಡಿ, ಬಿಡು. ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ಎಷ್ಟು ಉಳಿದಿದೆ ಅಂತ ಬೆಟ್ಟ ಇಳಿದ ಮೇಲೆ ಒಮ್ಮೆ ನೋಡಿ.

ಇಷ್ಟೆಲ್ಲ ಜಾಗ್ರತೆ ಮಾಡಿದರೆ ಟೈಮ್ ಹೋಗುವುದಿಲ್ಲವಾ ಅಂತ ಕೇಳಬಹುದು. ಲೆಕ್ಕ ಹಾಕಿ. ತಿರುವಿನ ಇಳಿಜಾರು 2 ಕಿಲೋಮೀಟರ್, ಗಂಟೆಗೆ 50ರ ಬದಲು 45ರಲ್ಲಿ ಇಳಿದರೆ ಕಳೆದುಕೊಳ್ಳುವುದು 16 ಸೆಕೆಂಡ್. ಟ್ರಾನ್ಸಿಷನ್‌ನಲ್ಲಿ (ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ) ಸಾಕ್ಸ್ ಹಾಕಿಕೊಳ್ಳಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ತಿನ್ನುವುದು, ಕುಡಿಯುವುದು

ಗುಡ್ಡದ ಕೋರ್ಸ್‌ನಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ನೀರು ಹಂಚಿದರೆ ಕೆಡುತ್ತದೆ, ಗಂಟೆ ಲೆಕ್ಕ ಇಟ್ಟುಕೊಳ್ಳಿ. ಸಪಾಟಿನಲ್ಲಿ 20 ಕಿಲೋಮೀಟರ್ ದೂರದ ಎರಡು ಏಡ್ ಸ್ಟೇಷನ್ ನಡುವೆ 40 ನಿಮಿಷ. ನಡುವೆ ದೊಡ್ಡ ಏರು ಇದ್ದರೆ ಅದೇ 20 ಕಿಲೋಮೀಟರ್ ಒಂದೂಕಾಲು ಗಂಟೆ ಆಗಬಹುದು. ಏರಿನಲ್ಲಿ ವೇಗ ಕಮ್ಮಿ, ಮೈಗೆ ಗಾಳಿ ಬಡಿಯುವುದಿಲ್ಲ, ಬೆವರು ಜಾಸ್ತಿ. ಹೊರಡುವಾಗ ಒಂದು ಬಾಟಲ್ ಕಮ್ಮಿ ಇಟ್ಟುಕೊಂಡರೆ ಹಗುರ ಅಂತ ಯೋಚಿಸುವವರು ಈ ಲೆಕ್ಕ ಮಾಡಿ ನೋಡಲಿ.

ದೀರ್ಘ ರೇಸ್‌ಗಳಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳುವುದು ಸಾಮಾನ್ಯ. ಅದನ್ನು ಎಲ್ಲಿ ತಿನ್ನುತ್ತೀರಿ? ಕಡಿದಾದ ಏರಿನಲ್ಲಿ ಬಾಯಿ ಉಸಿರಾಟಕ್ಕೇ ಸಾಲದು, ಇಳಿಜಾರಿನಲ್ಲಿ ಕೈ ಬಿಡುವ ಹಾಗಿಲ್ಲ. ಉಳಿಯುವುದು ಏರಿನ ಮೊದಲಿನ ಸಪಾಟು ಮತ್ತು ಏರಿನ ನಡುವಿನ ಹಗುರ ಭಾಗ. ಆ ಜಾಗಗಳನ್ನು ಈಗಲೇ ಆರಿಸಿ. ಏಡ್ ಸ್ಟೇಷನ್ ಏರಿನಲ್ಲಿದ್ದರೆ ಬಾಟಲ್ ಹಿಡಿಯುವುದು ಸುಲಭ, ಇಳಿಜಾರಿನ ಬುಡದಲ್ಲಿದ್ದರೆ 45ರ ವೇಗದಲ್ಲಿ ಹಿಡಿಯಲು ಆಗುವುದಿಲ್ಲ, ನಿಧಾನ ಮಾಡಲೇಬೇಕು. ಖಾಲಿ ಬಾಟಲ್, ಜೆಲ್ (ಹಿಂಡಿ ತಿನ್ನುವ ಸಿಹಿ ಪಾಕ) ಕವರ್ ಎಸೆಯಲು ಗುರುತಿಸಿದ ಜಾಗ ಇರುತ್ತದೆ, ಅದರಾಚೆ ಎಸೆದರೆ ದಂಡ.

ಶುರು ಮತ್ತು ಕೊನೆ

ಇವನ್ನು ಎಲ್ಲರೂ ಮರೆಯುತ್ತಾರೆ. ಸೈಕಲ್ ಹತ್ತಲು ಬಿಡುವ ಗೆರೆ, ಅಂದರೆ ಮೌಂಟ್ ಲೈನ್ ಹತ್ತಿರ ಹೋಗಿ ನಿಂತು ನೋಡಿ. ಅಲ್ಲಿಂದಲೇ ಏರು ಶುರುವಾದರೆ ಹಿಂದಿನ ರಾತ್ರಿ ಸೈಕಲನ್ನು ಚಿಕ್ಕ ಗೇರ್‌ನಲ್ಲಿ ಇಟ್ಟು ಬರಬೇಕು. ಶೂ ಪೆಡಲ್‌ಗೆ ಸಿಕ್ಕಿಸಿಟ್ಟು, ಹತ್ತಿದ ಮೇಲೆ ಕಾಲು ತೂರಿಸುವ ಅಭ್ಯಾಸ ಇದ್ದವರು ಏರಿನಲ್ಲಿ ಒದ್ದಾಡಿಬಿಡುತ್ತಾರೆ, ಶೂ ಹಾಕಿಕೊಂಡೇ ಓಡಿ ಹೋಗುವುದು ವಾಸಿ.

ಕೊನೆಯಲ್ಲಿ ಸೈಕಲ್ ಇಳಿಯಬೇಕಾದ ಡಿಸ್‌ಮೌಂಟ್ ಲೈನ್‌ಗೆ ಇಳಿಜಾರಿನಲ್ಲಿ ಬರುತ್ತೀರಾ? ಹಾಗಿದ್ದರೆ ಶೂನಿಂದ ಕಾಲು ಹೊರಗೆ ತೆಗೆಯುವ ಜಾಗವನ್ನು ಇನ್ನೂ ಹಿಂದಕ್ಕೆ, ಇಳಿಜಾರಿನ ಮೇಲಿನ ಸಪಾಟಿಗೆ ತನ್ನಿ. ಕೊನೆಯ 5 ಕಿಲೋಮೀಟರ್ ಇಳಿಜಾರೇ ಆದರೆ ಪೆಡಲ್ ಹಗುರವಾಗಿ ತಿರುಗಿಸುತ್ತಲೇ ಇರಿ, ತಣ್ಣಗಾದ ಕಾಲಿನಲ್ಲಿ ಓಡಲು ಶುರು ಮಾಡುವುದು ಕಷ್ಟ.

ನೋಡಿದ್ದನ್ನು ಬರೆದಿಡುವುದು

ಅವತ್ತೇ ಸಂಜೆ ಬರೆಯಿರಿ. ಮೊದಲು ಎಲ್ಲವನ್ನೂ ಬರೆದು, ಆಮೇಲೆ ಹೊಡೆದು ಹಾಕುತ್ತಾ ಆರೇಳು ಸಾಲಿಗೆ ಇಳಿಸಿ. ಸೈಕಲ್ ಟಾಪ್ ಟ್ಯೂಬ್ (ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ಮೇಲೆ ಟೇಪ್ ಹಾಕಿ ಅಂಟಿಸುವ ಚೀಟಿಯಲ್ಲಿ ಅಷ್ಟೇ ಹಿಡಿಸುತ್ತದೆ, ಸುಸ್ತಾದ ತಲೆಗೆ ಹಿಡಿಸುವುದೂ ಅಷ್ಟೇ. ಹೀಗಿರಬಹುದು:

12 ಕಿ.ಮೀ. – ಜೆಲ್, ನೀರು
14 – ಶಾಲೆ ಬೋರ್ಡ್, ಚಿಕ್ಕ ರಿಂಗ್
14–20 – ಏರು, 190 ವ್ಯಾಟ್ ಮೀರಬೇಡ
18.5 – ಸುಳ್ಳು ಶಿಖರ!
20–26 – ಇಳಿಜಾರು, ಕೈ ಬ್ರೇಕ್ ಮೇಲೆ
23 – ಟ್ಯಾಂಕ್, 2ನೇ ಎಡ ಬಿಗಿ
27 – ಏರೋ, ತಿನ್ನು

ಸೈಕಲ್ ಕಂಪ್ಯೂಟರ್‌ಗೆ ಕೋರ್ಸ್ ಫೈಲ್ ಹಾಕಿದರೆ ಮುಂದಿನ ಏರಿನ ಚಿತ್ರ ತಾನೇ ತೋರಿಸುವ ಮಾಡೆಲ್‌ಗಳು ಈಗ ಬಹಳ ಇವೆ. ಹಾಕಿ. ಆದರೆ ಚೀಟಿಯೂ ಇರಲಿ, ಅದಕ್ಕೆ ಬ್ಯಾಟರಿ ಬೇಡ.

ಮಳೆ ಬಂದರೆ ಯಾವ ಸಾಲು ಬದಲಾಗುತ್ತದೆ ಅಂತ ಚೀಟಿಯ ಹಿಂದೆ ಬರೆದಿಡಿ. ಸಾಮಾನ್ಯವಾಗಿ ಇಳಿಜಾರಿನ ಸಾಲುಗಳು ಮಾತ್ರ.

ಹೋಗಲು ಆಗದವರು

ದೂರದ ರೇಸ್, ರಜೆ ಇಲ್ಲ, ಆಗುವುದಿಲ್ಲ ಅಂದರೆ ಮನೆಯ ಕೆಲಸವನ್ನೇ ಇನ್ನೂ ಗಟ್ಟಿಯಾಗಿ ಮಾಡಿ. ಸ್ಮಾರ್ಟ್ ಟ್ರೇನರ್ (ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ, ಏರಿಗೆ ತಕ್ಕ ಹಾಗೆ ಬಿಗಿಯಾಗುವ ಯಂತ್ರ) ಇದ್ದರೆ ಜಿಪಿಎಕ್ಸ್ ಫೈಲ್ ಹಾಕಿ ಆ ಏರನ್ನು ಮನೆಯಲ್ಲೇ ತುಳಿಯಬಹುದು, ಗೇರ್ ಸಾಲುತ್ತದಾ ಅನ್ನುವುದು ಅದರಲ್ಲೂ ಗೊತ್ತಾಗುತ್ತದೆ. ಸೈಕಲ್ ಮೇಲೆ ಕ್ಯಾಮರಾ ಇಟ್ಟು ತೆಗೆದ ವಿಡಿಯೋ ಸಿಕ್ಕರೆ ಇಳಿಜಾರಿನ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ತಿರುವು ಎಣಿಸಿ. ರೇಸ್‌ಗೆ ಒಂದು ದಿನ ಮೊದಲು ಹೋಗಿ ಇಳಿದಾಗ ಬೇರೆ ಏನು ಬಿಟ್ಟರೂ ಆ ಒಂದು ಇಳಿಜಾರನ್ನು ಕಾರಿನಲ್ಲಾದರೂ ನೋಡಿಕೊಂಡು ಬನ್ನಿ. ಅವತ್ತು ದೊಡ್ಡ ಏರು ತುಳಿಯಲು ಹೋಗಬೇಡಿ, ಕಾಲು ಮಾರನೇ ದಿನಕ್ಕೆ ಬೇಕು.

ಕಡೆಯದಾಗಿ ರೇಸ್ ಬ್ರೀಫಿಂಗ್. ಕೋರ್ಸ್ ಪೂರ್ತಿ ನೋಡಿ ಬಂದವರು ಕೂಡ ಇದನ್ನು ತಪ್ಪಿಸಬಾರದು, ಯಾಕಂದರೆ ನೀವು ನೋಡಿದ ಮೇಲೆ ಬದಲಾದದ್ದು ತಿಳಿಯುವುದು ಅಲ್ಲೇ. ಡ್ರಾಫ್ಟಿಂಗ್ ಅಂತರ, ಅಂದರೆ ಮುಂದಿನ ಸೈಕಲ್‌ನಿಂದ ಬಿಡಬೇಕಾದ ದೂರ, ಎಷ್ಟು (10 ಅಥವಾ 12 ಮೀಟರ್ ಸಾಮಾನ್ಯ, ನಿಮ್ಮ ರೇಸ್‌ನದ್ದು ಕೇಳಿ), ಏರಿನಲ್ಲಿ ಗುಂಪು ಒತ್ತಾದಾಗ ರೆಫರಿಗಳು ಏನು ನೋಡುತ್ತಾರೆ, ನಡುಗೆರೆ ದಾಟಿದರೆ ಏನು ಶಿಕ್ಷೆ, ಬೆಟ್ಟದ ಇಳಿಜಾರಿನಲ್ಲಿ ರಸ್ತೆ ಪೂರ್ತಿ ಬಂದ್ ಇದೆಯಾ ಅಥವಾ ಅರ್ಧ ಮಾತ್ರವಾ. ಕೊನೆಯ ಪ್ರಶ್ನೆಗೆ ಉತ್ತರ "ಅರ್ಧ" ಅಂತ ಬಂದರೆ ಚೀಟಿಯಲ್ಲಿರುವ ಬ್ರೇಕ್ ಗುರುತುಗಳನ್ನೆಲ್ಲ ಒಂದು ಕಂಬ ಹಿಂದಕ್ಕೆ ತನ್ನಿ.